ತೊರೆಪಾಳ್ಯದ ನಲವತ್ತೊಂದು ಬಾಗಿಲು

"ಏಳ್ರೀ ಮೇಲೆ. ಹೊಸ್ತಿಲ ಮೇಲೆ ಕೂರಬಾರ್ದು ಅಂತ ನಿಮ್ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ?"

ಪೊರಕೆ ಹಿಡಿದು ನಿಂತ ಮುನಿಲಕ್ಷ್ಮಮ್ಮ ಹೀಗೆ ಗದರಿಸಿದ್ದು ನನ್ನ ಗಂಡನನ್ನು. ಖಾಸಗಿ ಪತ್ತೇದಾರ ಗುರುಸಿದ್ದಯ್ಯನವರು ಕೆಂಗೇರಿ ರೈಲು ನಿಲ್ದಾಣದಾಚೆಯ ನೆರೆ ಸಂತ್ರಸ್ತರ ಶೆಡ್ಡಿನ ಬಾಗಿಲಲ್ಲಿ ಕೂತು, ಭೂತಗನ್ನಡಿಯನ್ನು ಚೌಕಟ್ಟಿಗೆ ಹಿಡಿದು, ಲೋಕವನ್ನೇ ಮರೆತಿದ್ದರು.

"ಹೇಳಿದೀನಮ್ಮ, ಇಪ್ಪತ್ತಾರು ವರ್ಷದಿಂದ ಹೇಳ್ತಾನೇ ಇದೀನಿ" ಎಂದೆ ನಾನು.

ಇವರು ಏಳಲಿಲ್ಲ. "ಜಗದಾಂಬಾ, ಇಲ್ನೋಡು" ಎಂದರು. ಅರಿಶಿನ ಕುಂಕುಮದ ದಪ್ಪ ಪದರದ ಅಡಿಯಲ್ಲಿ ಕೆಂಪು ಬಣ್ಣದ ಅಂಕಿ ಇತ್ತು. ಹನ್ನೆರಡು. ಎರಡರ ಬಾಲ ಕೊಂಚ ಮೇಲಕ್ಕೆ ಸುತ್ತಿಕೊಂಡಿತ್ತು. ಆ ಬಾಲ ನನಗೂ ಗೊತ್ತು. ಹಾಲಿನ ಲೆಕ್ಕದ ಚೀಟಿಯಲ್ಲಿ ದಿನಾ ನೋಡುತ್ತೇನೆ. ಅದು ನಮ್ಮಲ್ಲಿ ಬಾಡಿಗೆಗಿರುವ ಜಲಜಾಳ ಕೈಬರಹ.

ಈ ಬಾಲವನ್ನೇ ಮೂರು ದಿನದಿಂದ ಹುಡುಕುತ್ತಿದ್ದೆವು. ಆರು ತಿಂಗಳ ಹಿಂದೆ ತೊರೆ ಉಕ್ಕಿ ತೊರೆಪಾಳ್ಯ ಕೊಚ್ಚಿಹೋದಾಗ, ಬಿದ್ದ ನಲವತ್ತೊಂದು ಮನೆಗೂ ನಂಬರು ಬರೆದವಳು ನೆರೆ ಪರಿಹಾರ ಕಚೇರಿಯ ಗುಮಾಸ್ತೆಯಾದ ಜಲಜಾ. ಮೊನ್ನೆ ಮಂಗಳವಾರ ದಿಲ್ಲಿಯಿಂದ ತನಿಖೆಗೆ ಬಂದವರಿಗೆ ಆ ಬಯಲಲ್ಲಿ ಒಂದು ನಂಬರೂ ಕಾಣಲಿಲ್ಲ. ಇಲ್ಲದ ಮನೆಗಳಿಗೆ ಪಟ್ಟಿ ಮಾಡಿದ್ದಾಳೆಂದು ಸಂಜೆಯೊಳಗೆ ಹುಡುಗಿಯನ್ನು ಸಸ್ಪೆಂಡ್ ಮಾಡಿದರು. ಶನಿವಾರ ಮಧ್ಯಾಹ್ನ ದಿಲ್ಲಿಯವರು ವಿಮಾನ ಹತ್ತುವ ಮೊದಲು ವರದಿಗೆ ಸಹಿ ಬೀಳುತ್ತದೆ. ಪಟ್ಟಿ ಸುಳ್ಳೆಂದು ಸಹಿಯಾದರೆ ಕೇಂದ್ರದ ಪರಿಹಾರ ಹಣದ ಎರಡನೇ ಕಂತು ನಿಲ್ಲುತ್ತದೆ, ನಲವತ್ತೊಂದು ಸಂಸಾರ ಮುಂಗಾರನ್ನು ಸೂರಿಲ್ಲದೆ ಕಳೆಯಬೇಕು, ಜಲಜಾ ಕೋರ್ಟಿನ ಮೆಟ್ಟಿಲು ಹತ್ತಬೇಕು.

"ಈ ಬಾಗ್ಲು ಇಲ್ಲಿಗೆ ಹೆಂಗೆ ಬಂತಮ್ಮ?" ಎಂದು ಇವರು ಪತ್ತೇದಾರಿ ದನಿಯಲ್ಲಿ ಕೇಳಿದರು. ಆ ದನಿ ಬಂದರೆ ನನಗೆ ನಗು ಬರುತ್ತದೆ, ತಡೆದುಕೊಂಡೆ.

ಮುನಿಲಕ್ಷ್ಮಮ್ಮ ಇವರನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದಳು. "ಹೊತ್ಕೊಂಡ್ ಬಂದ್ವಿ. ಇನ್ನೆಂಗೆ ಬರತ್ತೆ?"

"ಯಾಕೆ?"

"ಯಾಕೆ ಅಂದ್ರೆ? ಗೋಡೆ ಬಿದ್ರೆ ಮಣ್ಣು, ಹೋಯ್ತು. ಹೊಸ್ತಿಲು ಬಿಟ್ಟು ಬರಕ್ಕಾಯ್ತದಾ ಸ್ವಾಮಿ? ನಮ್ಮತ್ತೆ ಕಾಲ್ದಿಂದ ಪೂಜೆ ಮಾಡಿರೋ ಹೊಸ್ತಿಲು. ನನ್ನ ಸೊಸೆ ಸೇರು ಒದ್ದು ಒಳಗೆ ಬಂದಿದ್ದು ಇದ್ರಲ್ಲೇ."

ನಾವು ತಲೆಯೆತ್ತಿ ಶೆಡ್ಡುಗಳ ಸಾಲನ್ನು ನೋಡಿದೆವು. ಬಿದಿರುತಟ್ಟಿಯ ಗೋಡೆ, ಮೇಲೆ ತೆಂಗಿನ ಗರಿ, ಊದಿದರೆ ಹಾರಿಹೋಗುವಂಥ ಗುಡಿಸಲು. ಅದರ ಎದುರಿಗೆ ಮಾತ್ರ ಇಬ್ಬರು ಗಂಡಸರೂ ಎತ್ತಲಾರದಂಥ ಹೊನ್ನೆಮರದ ಬಾಗಿಲು, ಹಿತ್ತಾಳೆಯ ಗುಬುಟು, ಚಿಲಕ, ಬೀಗ. ಒಂದಲ್ಲ ಎರಡಲ್ಲ, ಸಾಲಿಗೆ ಸಾಲೇ ಹಾಗಿತ್ತು. ಮೂರು ದಿನದಲ್ಲಿ ನಾಲ್ಕು ಸಲ ಈ ದಾರಿಯಲ್ಲಿ ಬಸ್ಸಿಳಿದು ಹತ್ತಿದ್ದೆವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ನಮ್ಮದು.

ತಪ್ಪು ಯಾರದೂ ಅಲ್ಲ, ಅಥವಾ ಎಲ್ಲರದೂ. ನೆನೆದ ಮಣ್ಣಿನ ಗೋಡೆಗೆ ಬಣ್ಣ ಹಿಡಿಯುವುದಿಲ್ಲ ಅಂತ ಚೌಕಟ್ಟಿನ ಮೇಲೆ ನಂಬರು ಬರೆಯಿರೆಂದು ಮೇಲಿನಿಂದ ಸುತ್ತೋಲೆ ಬಂತು. ಜಲಜಾ ಬರೆದು ಕಚೇರಿಗೆ ಮರಳಿದಳು. ಆಮೇಲೆ ಜನ ತಮ್ಮ ಬಾಗಿಲು ತಾವು ಕಿತ್ತುಕೊಂಡು ಬಂದರು. ಬಾಗಿಲು ಎಲ್ಲಿ ಹೋಯಿತಮ್ಮ ಎಂದು ಅವರನ್ನು ಒಬ್ಬ ಅಧಿಕಾರಿಯೂ ಕೇಳಲಿಲ್ಲ.

"ಯಾರ ಗಾಡೀಲಿ ತಂದ್ರಿ?"

"ಚಿಕ್ಕಮುನಿಯಪ್ಪಂದು. ಎರಡು ಜೋಡಿ ಎತ್ತು ಕಟ್ಟಿ ಮೂರು ದಿನ ಹೊಡ್ದ. ಕಾಸು ಮುಟ್ಟಲಿಲ್ಲ ಪುಣ್ಯಾತ್ಮ."

ಇವರ ಮುಖ ಸಪ್ಪಗಾಯಿತು. ಕೆಂಗೇರಿ ಪೇಟೆಯಲ್ಲಿ ಹಳೆ ಮರದ ಅಂಗಡಿ ಇಟ್ಟಿರುವ ಚಿಕ್ಕಮುನಿಯಪ್ಪನೇ ನಂಬರು ಬಿದ್ದ ಬಾಗಿಲುಗಳನ್ನು ಕದ್ದು ಮಾರಿದ್ದಾನೆಂದು ಬುಧವಾರವೆಲ್ಲ ಅವನ ಬೆನ್ನು ಹತ್ತಿದ್ದೆವು. ಅವನು ಬೀಡಿ ಹಚ್ಚಿದರೂ ಇವರು ಡೈರಿಯಲ್ಲಿ ಗಂಟೆ ಬರೆದುಕೊಂಡಿದ್ದರು. ಆ ಹಾಳೆಯನ್ನು ಅಲ್ಲೇ ಹರಿದು ಜೇಬಿಗೆ ಹಾಕಿಕೊಂಡರು. ತಪ್ಪೆಂದು ಗೊತ್ತಾದ ಮೇಲೆ ಒಂದು ಗಳಿಗೆಯೂ ಅದನ್ನು ಹಿಡಿದು ಕೂರುವವರಲ್ಲ ನಮ್ಮವರು. ಅದಕ್ಕೇ ನನಗೆ ಇವರ ಮೇಲೆ ಇಷ್ಟು ಪ್ರೀತಿ, ಎದುರಿಗೆ ಹೇಳುವುದಿಲ್ಲ ಅಷ್ಟೇ.

*

ನೆರೆ ಪರಿಹಾರದ ವಿಶೇಷ ಕಚೇರಿ ಇದ್ದದ್ದು ರಾಜಾಜಿನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಕಚೇರಿ. ಯಾವ ಫೈಲು ತೆಗೆದರೂ ರಾಗಿಹಿಟ್ಟು ಉದುರುತ್ತಿತ್ತು. ಬೋರ್ಡಿನ ಮೇಲೆ ಹೊಸದಾಗಿ ಬರೆದ 'ಕರ್ನಾಟಕ'ದ ಅಡಿಯಿಂದ ಹಳೆಯ 'ಮೈಸೂರು' ಇನ್ನೂ ಇಣುಕುತ್ತಿತ್ತು.

ಹಣ ದಿಲ್ಲಿಯದು, ಹಂಚಿಕೆ ಬೆಂಗಳೂರಿನದು, ನೀರು ಮಾತ್ರ ತೊರೆಪಾಳ್ಯದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರಿಗೂ ಪೂಜಾರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಕೇಂದ್ರ ಕೇಳಿದ ಲೆಕ್ಕಕ್ಕೆ ರಾಜ್ಯ ಪಟ್ಟಿ ಕಳಿಸಬೇಕು, ರಾಜ್ಯ ಕಳಿಸಿದ ಪಟ್ಟಿಯನ್ನು ಕೇಂದ್ರ ಬಂದು ನೋಡಬೇಕು. ನಡುವೆ ಏನಾದರೂ ಎಡವಟ್ಟಾದರೆ ಎಲ್ಲರಿಗಿಂತ ಕೆಳಗಿನವಳ ತಲೆ ಸಿಗುತ್ತದೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾವು ದಿಲ್ಲಿಯ ಅಧಿಕಾರಿಯ ಮುಂದೆ ಕೂತೆವು. ಹೆಸರು ಪಂಚಾಕ್ಷರಿ. ಹುಟ್ಟಿದ್ದು ಚಿತ್ರದುರ್ಗದ ಕಡೆ, ಬೆಳೆದದ್ದೆಲ್ಲ ದಿಲ್ಲಿಯಲ್ಲಿ. ಕನ್ನಡವನ್ನು ಹಬ್ಬಕ್ಕೆ ತೆಗೆದ ಬೆಳ್ಳಿಲೋಟದಂತೆ ಬಹಳ ಜೋಪಾನವಾಗಿ ಬಳಸುತ್ತಿದ್ದರು.

ಇವರು ಬಾಗಿಲುಗಳ ವಿಷಯವನ್ನು ಒಂದೂ ಬಿಡದೆ ಹೇಳಿದರು. ಪಂಚಾಕ್ಷರಿಯವರು ಪೂರ್ತಿ ಕೇಳಿ ಕನ್ನಡಕ ಒರೆಸಿಕೊಂಡರು.

"ನಾನು ಕಂಡದ್ದನ್ನು ಬರೆಯುತ್ತೇನೆ, ಕೇಳಿದ್ದನ್ನಲ್ಲ. ನಾನು ಕಂಡದ್ದು ಖಾಲಿ ನೆಲ."

"ಬಾಗ್ಲುಗಳು ಕೆಂಗೇರೀಲಿವೆ ಸಾರ್. ಬನ್ನಿ, ಈಗ್ಲೇ ತೋರಿಸ್ತೀನಿ."

"ಬಾಗಿಲು ಎಲ್ಲಿ ಬೇಕಾದರೂ ಸಿಗುತ್ತದೆ. ಅದು ಮನೆಯ ಜೊತೆಗಿರಬೇಕು. ಸುತ್ತೋಲೆ ಹಾಗೆ ಹೇಳುತ್ತದೆ."

ನನಗೆ ತಡೆಯಲಾಗಲಿಲ್ಲ. "ಆ ಸುತ್ತೋಲೆ ಬರೆದೋರು ಸ್ವಂತ ಮನೇಲಿ ಇದ್ದೋರಲ್ಲ ಬಿಡಿ ಸಾರ್."

ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಪಂಚಾಕ್ಷರಿಯವರು ನನ್ನತ್ತ ತಿರುಗಿದರು.

"ಬರೆದವನು ನಾನೇ, ತಾಯಿ."

ನಾನು ಬಾಯಿ ಬಿಟ್ಟಾಗಿತ್ತು, ಹಿಂದೆ ಸರಿಯುವ ಹಾಗಿರಲಿಲ್ಲ.

"ನಿಮ್ಮ ತಾಯಿ ಹೊಸ್ತಿಲಿಗೆ ಅರಿಶಿನ ಹಚ್ತಿದ್ರಾ ಸಾರ್?"

ಅವರು ಪೆನ್ನು ಕೆಳಗಿಟ್ಟರು. "ಹಚ್ಚುತ್ತಿದ್ದರು. ಸರ್ಕಾರಿ ಕ್ವಾರ್ಟರ್ಸಿನ ಹೊಸ್ತಿಲಿಗೆ. ಪ್ರತಿ ವರ್ಷ ಬಣ್ಣ ಬಳಿಯುವವರು ಬಂದು ಅಳಿಸುತ್ತಿದ್ದರು. ಮರುದಿನ ತಾಯಿ ಮತ್ತೆ ಹಚ್ಚುತ್ತಿದ್ದರು."

"ವರ್ಗ ಆದಾಗ?"

"ಅಳುತ್ತಿದ್ದರು. ಏಕೆಂದು ನನಗೆ ಆಗ ಗೊತ್ತಾಗುತ್ತಿರಲಿಲ್ಲ." ಅವರು ಕನ್ನಡಕ ಹಾಕಿಕೊಂಡು ಮತ್ತೆ ಅಧಿಕಾರಿಯಾದರು. "ಸರಿ. ನಾಳೆ ಹನ್ನೊಂದಕ್ಕೆ ತೊರೆಪಾಳ್ಯಕ್ಕೆ ಬರುತ್ತೇನೆ. ನಲವತ್ತೊಂದು ಬಾಗಿಲೂ ತಮ್ಮ ತಮ್ಮ ಪಾಯದ ಮೇಲೆ ನಿಂತಿರಲಿ. ಚೌಕಟ್ಟು ಆ ಪಾಯಕ್ಕೆ ಹೊಂದಬೇಕು. ಒಂದು ಕಡಿಮೆಯಾದರೂ, ಹೊರಗಿನದು ಒಂದೇ ಒಂದು ಬಂದು ಸೇರಿದರೂ, ಪಟ್ಟಿಯೆಲ್ಲ ಸುಳ್ಳೆಂದು ಬರೆಯುತ್ತೇನೆ. ಒಪ್ಪಿಗೆಯೇ?"

"ಒಪ್ಪಿದೆ" ಎಂದರು ಇವರು, ಪೇಟ ಕಟ್ಟಿದ ಪಾಳೇಗಾರನ ಗತ್ತಿನಲ್ಲಿ.

ಮೆಟ್ಟಿಲಿಳಿಯುವಾಗ ಕೈಗೆ ಚಿವುಟಿದೆ. "ಹೊರಗಿನದು ಒಂದು ಬಂದ್ರೂ ಅಂದ್ರಲ್ಲ, ಅದಕ್ಯಾಕ್ರೀ ಹೂಂ ಅಂದ್ರಿ?"

"ಹೊರಗಿನ ಬಾಗ್ಲು ಯಾಕೆ ಬರತ್ತೆ ಜಗದಾಂಬಾ? ಅವರದ್ದು ಅವರು ತಂದಿಡ್ತಾರೆ. ಸತ್ಯಕ್ಕೆ ಹೆದರಿಕೆ ಯಾಕೆ?"

ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಪತ್ತೇದಾರನಿಗೆ ಇದೊಂದು ದೊಡ್ಡ ಊನ. ಪ್ರಯತ್ನಪಟ್ಟರೆ ಕಿವಿ ಕೆಂಪಗಾಗುತ್ತದೆ. ಹೋದ ಯುಗಾದಿಗೆ ನನ್ನ ಹೊಸ ಸೀರೆ ಹೇಗಿದೆ ಎಂದು ಕೇಳಿದಾಗಲೂ ಕೆಂಪಗಾಗಿತ್ತು.

*

ಜಲಜಾ ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದವಳು. ಇಪ್ಪತ್ತಮೂರು ವರ್ಷ. ತಂದೆಯಿಲ್ಲ, ತಾಯಿ ತಿಪಟೂರಿನಲ್ಲಿ. ಸಸ್ಪೆಂಡ್ ಆದಾಗಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಶುಕ್ರವಾರ ರಾತ್ರಿ, ದಿಲ್ಲಿಯವರು ಬಾಗಿಲು ನೋಡಲು ಒಪ್ಪಿದರು ಎಂದಾಗ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಮಗಳಿಲ್ಲದ ನನಗೆ ಆ ಹೊತ್ತಿನಲ್ಲಿ ಏನನ್ನಿಸಿತೆಂದು ಬರೆಯುವುದು ಬೇಡ. ಬಿಸಿ ಅನ್ನಕ್ಕೆ ಸಾರು ಕಲಸಿ ತಿನ್ನಿಸಿದೆ.

ಎರಡು ತುತ್ತು ನುಂಗಿ ಕೇಳಿದಳು. "ಆಂಟಿ, ಲಿಂಗಮ್ಮ ಹೇಗಿದಾರೆ? ನೋಡಿದ್ರಾ?"

"ಯಾರು?"

"ಮುನಿಲಕ್ಷ್ಮಮ್ಮನ ಹಿತ್ತಲಲ್ಲಿ ಗೋಡೆಗೆ ಒರಗಿಸಿ ಒಂದು ಮಾಡು ಹಾಕ್ಕೊಂಡಿದ್ರು. ಒಂಟಿ ಹೆಂಗಸು. ಬಾಗ್ಲಿರಲಿಲ್ಲ, ಗೋಣಿ ಕಟ್ಕೊಂಡಿದ್ರು. ಮೂರು ಸಲ ಬರೆದು ಹಾಕಿದೆ, ಅವರದ್ದೂ ಸೇರಿಸಿ ಅಂತ. ಬಾಗಿಲಿಲ್ಲದ್ದು ಮನೆಯಲ್ಲ ಅಂತ ಮೂರು ಸಲಾನೂ ವಾಪಸ್ ಬಂತು."

"ಮೊದ್ಲು ನಿನ್ನ ತಲೆ ಉಳಿಸ್ಕೊಳ್ಳೇ" ಎಂದೆ.

ದಿಲ್ಲಿಯವರ ಷರತ್ತನ್ನು ಅವಳಿಗೆ ಹೇಳಲು ಇವರು ಬಾಯಿ ತೆರೆದಿದ್ದರು. ನಾನು ಕಣ್ಣಲ್ಲೇ ತಡೆದೆ. ಮೊದಲೇ ಬೆದರಿದ ಹುಡುಗಿ, ಒಂದು ರಾತ್ರಿಯಾದರೂ ನಿದ್ದೆ ಮಾಡಲಿ ಎಂದುಕೊಂಡೆ. ನಾಳೆ ಬಾಗಿಲು ನೋಡೋಕೆ ಬರ್ತಾರೆ, ಅಷ್ಟೇ ಕಣೇ ಎಂದು ಹೇಳಿ ಮಲಗಿಸಿದೆ. ಈ ಬುದ್ಧಿವಂತಿಕೆ ನನ್ನದೇ, ಇವರದ್ದಲ್ಲ.

*

ಚಿಕ್ಕಮುನಿಯಪ್ಪನ ಗಾಡಿಯ ಜೊತೆಗೆ ಪೇಟೆಯ ಇನ್ನೂ ನಾಲ್ಕು ಗಾಡಿ ಸೇರಿ ಶುಕ್ರವಾರ ರಾತ್ರಿಯವರೆಗೂ ಓಡಿದ್ದವು. ಇವರು ಅವನ ಬಳಿ ಹೋಗಿ, ನಿನ್ನ ಮೇಲೆ ಅನುಮಾನ ಪಟ್ಟಿದ್ದೆ, ತಪ್ಪಾಯಿತು ಎಂದು ನೇರವಾಗಿ ಹೇಳಿದರು. ಅವನು ಬೀಡಿ ಕಟ್ಟು ಮುಂದೆ ಹಿಡಿದ. "ಗೊತ್ತಿತ್ತು ಸ್ವಾಮಿ. ಹುಣಿಸೇಮರದ ಹಿಂದೆ ಅಷ್ಟುದ್ದ ನಿಂತ್ಕೊಂಡ್ರೆ ಕಾಣಲ್ವಾ?" ಎಂದ. ಬೀಡಿ ಸೇದದ ನಮ್ಮವರು ಅವತ್ತು ಒಂದು ತೆಗೆದುಕೊಂಡು ಕಿವಿಗೆ ಸಿಕ್ಕಿಸಿಕೊಂಡರು.

ಶನಿವಾರ ಹನ್ನೊಂದಕ್ಕೆ ತೊರೆಪಾಳ್ಯ ನಾನು ಹಿಂದೆಂದೂ ನೋಡದ ಊರಾಗಿತ್ತು. ಗೋಡೆಯಿಲ್ಲ, ಸೂರಿಲ್ಲ, ಬರೀ ಬಾಗಿಲು. ಕಲ್ಲಿನ ಪಾಯಗಳ ಮೇಲೆ, ಬಿದಿರಿನ ಆಸರೆಯಲ್ಲಿ ಚೌಕಟ್ಟುಗಳು ನಿಂತಿದ್ದವು. ಹಳೆಯ ಗೂಡಿಗೆ ಹೊಸ್ತಿಲು ಕೂತುಕೊಂಡ ರೀತಿ ನೋಡಿದರೆ ಬೇರೆ ಸಾಕ್ಷಿಯೇ ಬೇಡ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಪ್ರತಿ ಬಾಗಿಲ ಬಳಿ ಮನೆಯವರು ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು ನಿಂತಿದ್ದರು. ಒಬ್ಬರೂ ತಮ್ಮ ಬಾಗಿಲನ್ನು ಬಳಸಿ ಆಚೀಚೆ ಹೋಗುತ್ತಿರಲಿಲ್ಲ. ಗೋಡೆಯೇ ಇಲ್ಲದಿದ್ದರೂ ಬಾಗಿಲು ದಾಟಿಯೇ ಒಳಗೆ, ಬಾಗಿಲು ದಾಟಿಯೇ ಹೊರಗೆ.

ಪಂಚಾಕ್ಷರಿಯವರು ಜೀಪಿಳಿದು ಸಾಲಿನ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು. ಆಮೇಲೆ ಮೊದಲ ಬಾಗಿಲ ಬಳಿ ಬೂಟು ಬಿಚ್ಚಿದರು.

ಒಂದೊಂದೇ ಗುರುತು ಹಾಕುತ್ತಾ ಬಂದರು. ಹನ್ನೆರಡರಲ್ಲಿ ಮುನಿಲಕ್ಷ್ಮಮ್ಮ, "ಬಲಗಾಲಿಟ್ಟು ಬನ್ನಿ ಸ್ವಾಮಿ" ಎಂದು ಬಯಲಿನ ಒಳಗೆ ಕರೆದು ಬೆಲ್ಲ ನೀರು ಕೊಟ್ಟಳು. ಕುಡಿದರು. ಇಪ್ಪತ್ತಾಯಿತು, ಮೂವತ್ತಾಯಿತು. ಬೆಳಿಗ್ಗೆ ಬೇಗನೇ ಹೊರಟು ಬಂದಿದ್ದ ಜಲಜಾ ದೂರದಲ್ಲಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ನಲವತ್ತೊಂದನೆಯದಕ್ಕೆ ಗುರುತು ಬಿದ್ದಾಗ ನಾನು ಹಿಡಿದಿದ್ದ ಉಸಿರು ಬಿಟ್ಟೆ.

"ಇನ್ನೊಂದು ಇದೆಯಲ್ಲ" ಎಂದರು ಪಂಚಾಕ್ಷರಿ.

ಸಾಲಿನ ಹಿಂದೆ, ಮುನಿಲಕ್ಷ್ಮಮ್ಮನ ಹಿತ್ತಲ ಕಡೆ, ಒಂದು ಸಣ್ಣ ಬಾಗಿಲು ನಿಂತಿತ್ತು. ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ಬಡಕಲು ಹೆಂಗಸು. ಚೌಕಟ್ಟಿನ ಮೇಲೆ ಕೆಂಪು ಅಂಕಿ. ನಲವತ್ತೆರಡು. ಎರಡರ ಬಾಲ ಮೇಲಕ್ಕೆ ಸುತ್ತಿಕೊಂಡಿತ್ತು.

"ನಿಮ್ಮ ಹೆಸರು?"

"ಲಿಂಗಮ್ಮ, ಬುದ್ಧಿ. ನಂಗೂ ಬಾಗ್ಲು ಬಂತು." ಅವಳ ಮುಖದಲ್ಲಿದ್ದ ಸಂತೋಷ ನೋಡಲಾಗದೆ ನಾನು ಇವರತ್ತ ತಿರುಗಿದೆ.

ಇವರು ಮುಂದೆ ಹೋಗಿ ಚೌಕಟ್ಟು ಸವರಿದರು. ಹೊಸ್ತಿಲ ನಡುವೆ ಸವೆತವಿರಲಿಲ್ಲ. ತೋರಣದ ಮೊಳೆಯ ತೂತು ಒಂದೂ ಇರಲಿಲ್ಲ. ಅಡಿಯಲ್ಲಿ ಪಾಯದ ಕಲ್ಲೂ ಇರಲಿಲ್ಲ. ಅಂಕಿಯ ಮೇಲೆ ಬೆರಳಿಟ್ಟು ತೆಗೆದರು. ತುದಿ ಕೆಂಪಗಾಗಿತ್ತು. ಆ ಕೈಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿಕೊಂಡರು.

ಜಲಜಾ ನನ್ನ ಬೆನ್ನ ಹಿಂದೆ ಬಂದಿದ್ದಳು. "ಆಂಟಿ, ನಾನೇ. ಚಿಕ್ಕಮುನಿಯಪ್ಪನ ಅಂಗಡೀಲಿ ಯಾರ ಮನೆಗೂ ಕೂರಿಸದ ಒಂದು ಚೌಕಟ್ಟು ಬಿದ್ದಿತ್ತು, ಅವನ ಗಾಡೀಲೇ ತರಿಸ್ದೆ. ಬೆಳಿಗ್ಗೆ ಬಂದಾಗ ಎಲ್ಲರೂ ಅವರವರ ಬಾಗ್ಲ ಹತ್ರ ನಿಂತಿದ್ರು, ಲಿಂಗಮ್ಮ ಒಬ್ರೇ ದೂರ ನಿಂತಿದ್ರು. ಬಾಗ್ಲಿದ್ರೆ ಮನೆ ಅಂತಾರಲ್ಲ, ದಿಲ್ಲಿಯವರು ಕಂಡ್ರೆ ಸೇರಿಸ್ಕೋತಾರೆ ಅಂದ್ಕೊಂಡೆ. ಒಂದು ತಾನೇ ಆಂಟಿ."

ಒಂದು ತಾನೇ. ಆ ಒಂದಕ್ಕೆ ನಲವತ್ತೊಂದು ಮುಳುಗುತ್ತವೆ ಎಂದು ಅವಳಿಗೆ ಹೇಳದೆ ಮಲಗಿಸಿದವಳು ನಾನು. ಹೆತ್ತ ಮಗಳಾಗಿದ್ದರೆ ಬೈದಾದರೂ ಹೇಳಿರುತ್ತಿದ್ದೆನೇನೋ.

"ಗುರುಸಿದ್ದಯ್ಯನವರೇ" ಎಂದರು ಪಂಚಾಕ್ಷರಿ, ಪಟ್ಟಿ ಮಡಿಸದೆ. "ನಿಮ್ಮ ಮಾತನ್ನು ನಾನು ನಂಬುತ್ತೇನೆ. ಈ ಬಾಗಿಲು ಈ ಊರಿನದೇ? ಹೌದು ಅಥವಾ ಅಲ್ಲ, ಒಂದೇ ಮಾತು."

ಇವರು ಲಿಂಗಮ್ಮನನ್ನು ನೋಡಿದರು. ಜಲಜಾಳನ್ನು ನೋಡಿದರು. ಸಾಲಾಗಿ ನಿಂತ ನಲವತ್ತೊಂದು ಸಂಸಾರವನ್ನು ನೋಡಿದರು. ಕಿವಿ ಆಗಲೇ ಕೆಂಪಗಾಗತೊಡಗಿತ್ತು. ಇಪ್ಪತ್ತಾರು ವರ್ಷ ಈ ಮನುಷ್ಯನ ಸತ್ಯವನ್ನು ಲೇವಡಿ ಮಾಡಿಕೊಂಡೇ ಬದುಕಿದ್ದೇನೆ. ಅದು ನನ್ನ ಕಣ್ಣೆದುರಿಗೇ ಮುರಿಯುವುದನ್ನು ನೋಡಲು ನನ್ನಿಂದಾಗಲಿಲ್ಲ.

"ಹೌದು ಸಾರ್" ಎಂದೆ ನಾನು. "ಈ ಊರಿಂದೇ. ಮೊದಲಿಂದ ಇತ್ತು."

"ನೀವು ಸಾಕ್ಷಿಯೇ, ತಾಯಿ?"

"ಸಾಕ್ಷಿ."

ಇವರು ನನ್ನ ತೋಳು ಹಿಡಿದರು. ಬಿಡಿಸಿಕೊಂಡೆ. ಪಂಚಾಕ್ಷರಿಯವರು ಪಟ್ಟಿಯ ಕೊನೆಯಲ್ಲಿ ನಲವತ್ತೆರಡೆಂದು ಬರೆದು, ಮುಂದೆ ಲಿಂಗಮ್ಮ ಎಂದು ಸೇರಿಸಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು. ಜಗದಾಂಬಾ ಗುರುಸಿದ್ದಯ್ಯ ಎಂದು ದುಂಡಗೆ ಸಹಿ ಹಾಕಿದೆ.

ಅವರು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಶಾಯಿ ಆರುವವರೆಗೆ ನನ್ನ ಸಹಿಯನ್ನೇ ನೋಡಿದರು. ಆಮೇಲೆ ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ತಗ್ಗಿದ ದನಿಯಲ್ಲಿ ಹೇಳಿದರು.

"ಇಂದು ಬೆಳಿಗ್ಗೆ ಆರು ಗಂಟೆಗೆ ನಾನೊಬ್ಬನೇ ಬಂದು ಈ ಬಾಗಿಲುಗಳನ್ನು ಎಣಿಸಿ ಹೋಗಿದ್ದೆ, ತಾಯಿ. ಆಗ ನಲವತ್ತೊಂದೇ ಇದ್ದವು."